ಹಳೆಯ ಗ್ರೈಂಡರಿಗೆ ಹೊಸ ಮೋಟಾರು ಬೇಕೆ?

ಅಕ್ಕಿ, ಉದ್ದು ಎರಡೂ ನೆನೆದು ಸಿದ್ಧವಾಗಿವೆ. ಬೆಳಗಾದರೆ ಮನೆಗೆ ನೆಂಟರು. ನೀವು ಗ್ರೈಂಡರಿನ ಸ್ವಿಚ್ಚು ಒತ್ತಿದಿರಿ. ‘ಗುಂಯ್’ ಎಂಬ ಸದ್ದು ಬಂತೇ ಹೊರತು ಕಲ್ಲು ಮಾತ್ರ ಕದಲಲಿಲ್ಲ. ಇನ್ನೊಮ್ಮೆ ಒತ್ತಿದಿರಿ. ಈ ಸಲ ಏನೋ ಸುಟ್ಟ ವಾಸನೆ!

ಆಮೇಲೆ ನಡೆಯುವುದೆಲ್ಲ ನಿಮಗೆ ಗೊತ್ತಿದ್ದದ್ದೇ. ‘ಹಳೇದಾಯ್ತು ಬಿಡೇ, ಗುಜರಿಗೆ ಹಾಕಿ ಹೊಸದು ತರೋಣ’ ಎನ್ನುತ್ತಾರೆ ಯಜಮಾನರು. ‘ಅಮ್ಮಾ, ಮೋಟಾರ್ ಹೋಗಿದೆ, ಹೊಸದೇ ಹಾಕ್ಬೇಕು’ ಎನ್ನುತ್ತಾನೆ ರಿಪೇರಿಯವನು. ಅಂಗಡಿಗೆ ಹೋದರೆ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಹೆಚ್.ಪಿ.?’ ‘ಅರ್ಧ’ ಎಂದರೆ ಆಯಿತು, ಅರ್ಧ ಹೆಚ್.ಪಿ.ಯ ಮೋಟಾರೊಂದನ್ನು ಕಟ್ಟಿಕೊಡುತ್ತಾರೆ. ಮನೆಗೆ ತಂದರೆ ಶಾಫ್ಟಿಗೆ ಪುಲ್ಲಿ ಕೂರುವುದಿಲ್ಲ, ಬೋಲ್ಟಿನ ತೂತು ಹೊಂದುವುದಿಲ್ಲ. ಹೇಗೋ ಕೂರಿಸಿದರೆ ಕಲ್ಲು ಹುಚ್ಚು ಹಿಡಿದಂತೆ ತಿರುಗಿ ಹಿಟ್ಟೆಲ್ಲ ಗೋಡೆಗೆ!

ತಪ್ಪು ಯಾರದೂ ಅಲ್ಲ, ಪ್ರಶ್ನೆಯದು. ಮೋಟಾರಿಗೆ ಹೆಚ್.ಪಿ. ಒಂದೇ ಗುರುತಲ್ಲ. ರವಿಕೆ ಹೊಲಿಸುವಾಗ ಎದೆಯ ಅಳತೆ ಒಂದನ್ನೇ ಕೊಟ್ಟು ಬಂದರೆ ಹೇಗಿರುತ್ತದೆ? ತೋಳು, ಉದ್ದ, ಕೊರಳು ಎಲ್ಲವೂ ಬೇಕಲ್ಲವೆ? ಮೋಟಾರಿಗೂ ಹಾಗೆಯೇ. ಕೆಲವು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಅಂಗಡಿಯಲ್ಲೂ ನೀವು ಮೋಸಹೋಗುವುದಿಲ್ಲ.

ಇಲ್ಲಿ ಹೇಳುವುದು ಬೆಲ್ಟು ಮತ್ತು ಪುಲ್ಲಿ ಇರುವ ಹಳೆಯ ದೊಡ್ಡ ಗ್ರೈಂಡರಿನ ಮಾತು. ಮೇಜಿನ ಮೇಲಿಡುವ ಚಿಕ್ಕ ಗ್ರೈಂಡರಿಗೆ ಬಹುಮಟ್ಟಿಗೆ ಅದೇ ಕಂಪೆನಿಯ, ಅದೇ ಮಾದರಿಯ ಮೋಟಾರೇ ಆಗಬೇಕು. ಆದರೆ ಹಳೆಯ ಗ್ರೈಂಡರಿನ ಕಲ್ಲಿಗೆ ವಯಸ್ಸೆಂಬುದೇ ಇಲ್ಲ. ಸವೆದರೆ ಮತ್ತೆ ಮುಳ್ಳು ಹೊಡೆಸಬಹುದು. ಅಂಥ ಕಲ್ಲನ್ನು ಮೋಟಾರು ಕೆಟ್ಟಿತೆಂದು ಗುಜರಿಗೆ ಹಾಕುವುದು ಜಾಣತನವಲ್ಲ. ದೋಸೆ ಹಿಟ್ಟು ಮಾರಿ ನಾಲ್ಕು ಕಾಸು ಸಂಪಾದಿಸುವ ಸೋದರಿಯರಿಗಂತೂ ಅದು ಬರಿಯ ಅಡಿಗೆಮನೆಯ ಸಾಮಾನಲ್ಲ, ಸಂಸಾರದ ಆಸರೆ.

ಹೋಗಿರುವುದು ಮೋಟಾರೇನಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಏನನ್ನು ಮುಟ್ಟುವ ಮುನ್ನವೂ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ಚು ಆರಿಸಿದರೆ ಸಾಲದು.

ಸ್ವಿಚ್ಚು ಹಾಕಿದರೆ ಸದ್ದೇ ಇಲ್ಲವೆ? ಆ ಪ್ಲಗ್ಗಿಗೆ ಹೊಂದುವ ಬೇರೊಂದು ಉಪಕರಣವನ್ನು ಹಾಕಿ ನೋಡಿ. ಅದೂ ನಡೆಯದಿದ್ದರೆ ದೋಷ ಗೋಡೆಯಲ್ಲಿದೆ. ನಡೆದರೆ ಗ್ರೈಂಡರಿನ ವೈರು ಅಥವಾ ಸ್ವಿಚ್ಚು ಕೆಟ್ಟಿರಬಹುದು.

‘ಗುಂಯ್’ ಎಂದು ನಿಂತುಬಿಡುತ್ತದೆಯೆ? ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಚೆನ್ನಾಗಿದ್ದ ಮೋಟಾರು ಸುಡುವುದು ಬಹಳ ಸಲ ಹೀಗೆಯೇ. ಪ್ಲಗ್ಗು ಕಿತ್ತು, ಬೆಲ್ಟು ಕಳಚಿ, ಕಲ್ಲಿನ ಪಾತ್ರೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಬೇರಿಂಗು ತುಕ್ಕು ಹಿಡಿದಿರಬಹುದು, ಇಲ್ಲವೆ ಹಿಟ್ಟು ಒಣಗಿ ಕಚ್ಚಿಕೊಂಡಿರಬಹುದು. ಪಾತ್ರೆಯೂ ಮೋಟಾರಿನ ಶಾಫ್ಟೂ ಸಲೀಸಾಗಿ ತಿರುಗಿದರೆ ಮೊದಲ ಅನುಮಾನ ಕಂಡೆನ್ಸರಿನ ಮೇಲೆ. ಮೋಟಾರಿನ ಬೆನ್ನ ಮೇಲೆ ಡಬ್ಬಿಯಂತೆ ಕೂತಿರುತ್ತದಲ್ಲ, ಅದೇ. ಮೋಟಾರಿಗೆ ಹೊರಡುವಾಗ ಬೇಕಾದ ನೂಕುಬಲ ಸಿಗುವುದು ಅದರಿಂದ. ಹೊಸ ಮೋಟಾರಿನ ಮುಂದೆ ಅದರ ಬೆಲೆ ತೀರ ಅಲ್ಪ. ರಿಪೇರಿಯವನಿಗೆ ‘ಮೊದಲು ಕಂಡೆನ್ಸರ್ ನೋಡಪ್ಪಾ’ ಎಂದು ನೀವೇ ಹೇಳಿ. ಆದರೆ ನೀವಾಗಿ ಅದನ್ನು ಬಿಚ್ಚಲು ಹೋಗಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು.

ಕಿರ್ ಎಂದು ಕಿರುಚಿದರೆ ಬೇರಿಂಗು ಸವೆದಿದೆ. ಸುಟ್ಟ ವಾಸನೆ, ಹೊಗೆ ಬಂದರೆ ಮಾತ್ರ ಒಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗು, ಸುಟ್ಟಿರುವ ಸಂಭವ ಹೆಚ್ಚು.

ಸುತ್ತಿಸುವುದೋ, ಹೊಸದು ತರುವುದೋ?

ವೈಂಡಿಂಗು ಸುಟ್ಟರೂ ಮೋಟಾರು ಸತ್ತಂತಲ್ಲ. ಹೊಸ ತಂತಿ ಸುತ್ತಿಸಬಹುದು. ಇದರ ದೊಡ್ಡ ಲಾಭವೆಂದರೆ ಮೈ, ಶಾಫ್ಟು, ಬೋಲ್ಟಿನ ತೂತು ಎಲ್ಲವೂ ಹಳೆಯವೇ ಆಗಿರುವುದರಿಂದ ಹೊಂದಾಣಿಕೆಯ ತಲೆನೋವೇ ಇಲ್ಲ. ಸುತ್ತಿಸುವಾಗ ನಾಲ್ಕು ಮಾತು ಕೇಳಿ. ತಾಮ್ರದ ತಂತಿಯೋ, ಅಲ್ಯೂಮಿನಿಯಮ್ಮೋ? ಹಳೆಯ ತಂತಿಯ ದಪ್ಪ ಮತ್ತು ಸುತ್ತುಗಳ ಲೆಕ್ಕವನ್ನೇ ಇಡುತ್ತೀರೋ? ವಾರ್ನಿಷು ಹಾಕಿ ಚೆನ್ನಾಗಿ ಒಣಗಿಸುತ್ತೀರೋ? ಬೇರಿಂಗು ಹೊಸದೋ, ಹಳೆಯದೋ? ತೆಗೆದ ಹಳೆಯ ತಾಮ್ರಕ್ಕೂ ಬೆಲೆಯಿದೆ. ಅದನ್ನು ವಾಪಸು ಕೊಡುತ್ತಾರೋ, ಕೂಲಿಯಲ್ಲಿ ಮುರಿದುಕೊಳ್ಳುತ್ತಾರೋ ಮೊದಲೇ ಮಾತಾಡಿಕೊಳ್ಳಿ.

ಮೋಟಾರಿನ ಮೈ ಬಿರುಕು ಬಿಟ್ಟಿದ್ದರೆ, ಶಾಫ್ಟು ಸವೆದಿದ್ದರೆ, ಹಿಂದೆ ಎರಡು ಮೂರು ಸಲ ಸುತ್ತಿಸಿಯಾಗಿದ್ದರೆ ಹೊಸದೇ ಮೇಲು. ಎರಡು ಕಡೆ ವಿಚಾರಿಸಿ, ಸುತ್ತಿಸುವ ಖರ್ಚನ್ನೂ ಹೊಸದರ ಬೆಲೆಯನ್ನೂ ಹೋಲಿಸಿ ನೋಡಿ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ತಗಡಿನ ಮೇಲಿನ ಜಾತಕ

ಪ್ರತಿಯೊಂದು ಮೋಟಾರಿನ ಮೈಮೇಲೆ ಒಂದು ಚಿಕ್ಕ ತಗಡು ಇರುತ್ತದೆ. ಇದೇ ನೇಮ್ ಪ್ಲೇಟು, ಮೋಟಾರಿನ ಜಾತಕ. ಒದ್ದೆ ಬಟ್ಟೆಯಿಂದ ಹಿಟ್ಟಿನ ಕಲೆ ಒರೆಸಿದರೆ ಅಕ್ಷರಗಳು ಕಾಣುತ್ತವೆ. ಅದರ ಫೋಟೋ ತೆಗೆದುಕೊಳ್ಳಿ, ಇಲ್ಲವೆ ಬರೆದುಕೊಳ್ಳಿ.

ಕಂಪೆನಿಯ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ನಮ್ಮ ಕಡೆಯ ಹಳೆಯ ಯಂತ್ರಗಳಲ್ಲಿ ಕೊಯಮತ್ತೂರಿನ ಮೋಟಾರುಗಳು ಹೆಚ್ಚು. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಅವರು ದೇಶೀ ಮೋಟಾರು ತಯಾರಿಸಿದ ಊರು ಅದು. ಗ್ರೈಂಡರು ಹುಟ್ಟಿದ್ದೂ ಅಲ್ಲೇ, 1955ರಲ್ಲಿ ಪಿ. ಸಭಾಪತಿ ಎಂಬುವರ ಕೈಯಲ್ಲಿ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾಯಿತು, 1956ರಲ್ಲಿ ಎನ್.ಜಿ.ಇ.ಎಫ್. ಬಂತು. ಬೆಂಗಳೂರಿನ ಎನ್.ಜಿ.ಇ.ಎಫ್. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೂ ಅದರ ಮೋಟಾರಿಗೆ ಸರಿಸಾಟಿಯಾದದ್ದು ಸಿಗುತ್ತದೆ. ಹೇಗೆ? ತಗಡಿನ ಮೇಲಿನ ಸಂಖ್ಯೆಗಳು ಹೊಂದಿದರೆ ಸರಿ, ಹೆಸರು ಹೊಂದಬೇಕಿಲ್ಲ.

ಮೊದಲನೆಯದು ವೇಗ

ಎಲ್ಲರೂ ಹೆಚ್.ಪಿ. ನೋಡುತ್ತಾರೆ. ನೀವು ಮೊದಲು ಆರ್.ಪಿ.ಎಂ. ನೋಡಿ. ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ ಅದು. ನಮ್ಮ ದೇಶದ 50 ಸೈಕಲ್ ಕರೆಂಟಿನಲ್ಲಿ ಇಂಥ ಮೋಟಾರುಗಳು ಸಾಮಾನ್ಯವಾಗಿ ಎರಡು ಬಗೆ. ಒಂದು ಸುಮಾರು 1440 ಸುತ್ತಿನದು, ಇನ್ನೊಂದು ಸುಮಾರು 2880 ಸುತ್ತಿನದು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳಂತೆ! ಬೆಲ್ಟಿನ ಗ್ರೈಂಡರುಗಳಲ್ಲಿ ಸಾಧಾರಣವಾಗಿ ಇರುವುದು 1440ರದು.

ತಪ್ಪಿದರೆ ಏನಾಗುತ್ತದೆ ನೋಡಿ. ಮೋಟಾರಿನ ಮೇಲೆ 2 ಅಂಗುಲದ ಪುಲ್ಲಿ, ಪಾತ್ರೆಯ ಕೆಳಗೆ 16 ಅಂಗುಲದ ಪುಲ್ಲಿ ಇದೆ ಎನ್ನೋಣ. ದೊಡ್ಡದು ಚಿಕ್ಕದರ ಎಂಟು ಪಟ್ಟು. 1440ನ್ನು ಎಂಟರಿಂದ ಭಾಗಿಸಿದರೆ 180. ಅಂದರೆ ಪಾತ್ರೆ ನಿಮಿಷಕ್ಕೆ 180 ಸುತ್ತು ತಿರುಗುತ್ತದೆ. ಅದೇ ಜಾಗದಲ್ಲಿ 2880ರ ಮೋಟಾರು ಕೂರಿಸಿದರೆ 360 ಸುತ್ತು! ಹಿಟ್ಟು ಸಿಡಿಯುತ್ತದೆ, ಬಿಸಿಯಾಗುತ್ತದೆ, ಗುಂಡು ಕುಣಿಯುತ್ತದೆ, ಹಳೆಯ ಬೇರಿಂಗು ಸವೆಯುತ್ತದೆ. ಮೋಟಾರಿಗೂ ಹೊರೆ ಹೆಚ್ಚಿ ಅದೂ ಸುಡುತ್ತದೆ.

‘ಬಾವಿಯ ಹಳೇ ಪಂಪಿನ ಮೋಟಾರಿದೆ, ಅದನ್ನೇ ಹಾಕೋಣ’, ‘ಬಡಗಿಯ ಹತ್ತಿರ ಗರಗಸದ ಮೋಟಾರು ಅಗ್ಗಕ್ಕೆ ಸಿಗುತ್ತೆ’ ಎಂದು ಯಾರಾದರೂ ಆಸೆ ತೋರಿಸಿದರೆ ಇದನ್ನು ನೆನೆಯಿರಿ. ಪಂಪು, ಗರಗಸಗಳ ಮೋಟಾರುಗಳು ಬಹಳಷ್ಟು 2880ರವು.

ಎರಡನೆಯದು ಬಲ

ಈಗ ಹೆಚ್.ಪಿ. ಒಂದು ಹೆಚ್.ಪಿ. ಎಂದರೆ 746 ವಾಟ್. ಹೊಸ ಮೋಟಾರುಗಳ ಮೇಲೆ ಹೆಚ್.ಪಿ. ಬದಲು ಕಿಲೋವಾಟಿನಲ್ಲೇ ಬರೆದಿರುವುದುಂಟು. ಗಾಬರಿ ಬೇಡ. 0.18 ಎಂದರೆ ಕಾಲು, 0.37 ಎಂದರೆ ಅರ್ಧ, 0.75 ಎಂದರೆ ಒಂದು ಹೆಚ್.ಪಿ.

ಹಳೆಯದು ಎಷ್ಟಿತ್ತೋ ಅಷ್ಟೇ ತನ್ನಿ. ‘ಇರಲಿ, ಒಂದು ಹೆಚ್.ಪಿ.ನೇ ಹಾಕ್ಸಿ, ಬೇಗ ರುಬ್ಬುತ್ತೆ’ ಎಂಬ ಮಾತಿಗೆ ಮರುಳಾಗಬೇಡಿ. ಬಲ ಹೆಚ್ಚಾದರೆ ವೇಗ ಹೆಚ್ಚುವುದಿಲ್ಲ. ಸೌಟು ಸಿಕ್ಕಿಕೊಂಡಾಗ ಅರ್ಧ ಹೆಚ್.ಪಿ.ಯ ಮೋಟಾರು ಸೋತು ನಿಲ್ಲಬಹುದು. ಒಂದು ಹೆಚ್.ಪಿ.ಯದು ಸೌಟನ್ನು ಮುರಿದೇ ಮುಂದೆ ಹೋದೀತು. ಸೌಟಿನ ಬದಲು ಬೆರಳಾದರೆ? ಅತಿಯಾದರೆ ಅಮೃತವೂ ವಿಷ.

ಮೂರನೆಯದು ಕರೆಂಟು

ಮನೆಗೆ ಬೇಕಾದದ್ದು ಸಿಂಗಲ್ ಫೇಸ್, 230 ವೋಲ್ಟಿನ ಮೋಟಾರು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವವುಗಳಲ್ಲಿ ಕಾರ್ಖಾನೆಯ ತ್ರೀ ಫೇಸ್ ಮೋಟಾರುಗಳೂ ಇರುತ್ತವೆ. ಮನೆಯ ಸಾಮಾನ್ಯ ಪ್ಲಗ್ಗಿಗೆ ಅವು ಹೊಂದುವುದಿಲ್ಲ. ಅಮೆರಿಕದಿಂದ ಬಂದ ಯಂತ್ರದ ಮೋಟಾರಾದರೆ ಅದು 60 ಸೈಕಲ್ಲಿನದು, ಬಹುಪಾಲು 115 ವೋಲ್ಟಿನದು. ಅದೂ ಬೇಡ.

ಹೊರಡುವಾಗಲೇ ಭಾರ ಎಳೆಯುವ ಶಕ್ತಿಯೂ ಇರಬೇಕು. ಕಲ್ಲು, ಗುಂಡು, ಹಿಟ್ಟು ಎಲ್ಲವನ್ನೂ ನಿಂತಲ್ಲಿಂದ ಎಳೆಯಬೇಕಲ್ಲ! ಅಂಗಡಿಯವರಿಗೆ ‘ಕೆಪಾಸಿಟರ್ ಸ್ಟಾರ್ಟ್ ಮೋಟಾರು ಕೊಡಿ’ ಎಂದು ಕೇಳಿ. ಫ್ಯಾನಿನ ಜಾತಿಯ ಮೋಟಾರು ಓಡುವಾಗ ಚೆನ್ನ, ಹೊರಡುವಾಗ ಸೋಮಾರಿ.

ನಾಲ್ಕನೆಯದು ಶಾಫ್ಟು ಮತ್ತು ಪಾದ

ಬಹಳ ಜನ ಎಡವುವುದು ಇಲ್ಲಿಯೇ. ಹಳೆಯ ಮೋಟಾರುಗಳಲ್ಲಿ ಅಂಗುಲದ ಲೆಕ್ಕದ ಶಾಫ್ಟು ಇರುವುದುಂಟು. 5/8 ಅಂಗುಲ ಎಂದರೆ ಸುಮಾರು 16 ಮಿಲಿಮೀಟರು. ಹೊಸ ಲೆಕ್ಕದ ಮೋಟಾರುಗಳಲ್ಲಿ ಶಾಫ್ಟು ಸಾಮಾನ್ಯವಾಗಿ 14 ಅಥವಾ 19 ಮಿಲಿಮೀಟರು ಇರುತ್ತದೆ. ಹಳೆಯ ಪುಲ್ಲಿಯನ್ನು 14ರ ಶಾಫ್ಟಿಗೆ ಹಾಕಿ, ನಡುವೆ ತಗಡು ತುರುಕಿ ಬಿಗಿ ಮಾಡುವ ರಿಪೇರಿಯವರಿದ್ದಾರೆ. ಒಪ್ಪಬೇಡಿ. ಪುಲ್ಲಿ ಓಲಾಡಿ ಬೆಲ್ಟು ಹರಿಯುತ್ತದೆ, ಬೇರಿಂಗು ಹಾಳಾಗುತ್ತದೆ. ಹೊಸ ಶಾಫ್ಟಿಗೆ ಹೊಂದುವ ತೂತಿರುವ ಹೊಸ ಪುಲ್ಲಿ ತನ್ನಿ. ಆದರೆ ಹೊರಗಿನ ಅಗಲ ಮಾತ್ರ ಹಳೆಯ ಪುಲ್ಲಿಯಷ್ಟೇ ಇರಲಿ. ಅದು ಬದಲಾದರೆ ವೇಗವೂ ಬದಲಾಗುತ್ತದೆ. ಸಿಗದಿದ್ದರೆ ಲೇತಿನ ಅಂಗಡಿಯಲ್ಲಿ ಬುಷ್ ಮಾಡಿಸಬಹುದು.

ಪಾದದಿಂದ ಶಾಫ್ಟಿನ ನಡುಮಧ್ಯದವರೆಗಿನ ಎತ್ತರವನ್ನೂ ಅಳೆಯಿರಿ. ತಗಡಿನ ಮೇಲೆ ‘ಫ್ರೇಮ್ 71’, ‘ಫ್ರೇಮ್ 80’ ಎಂದಿದ್ದರೆ ಸಾಮಾನ್ಯವಾಗಿ ಆ ಎತ್ತರ 71 ಅಥವಾ 80 ಮಿಲಿಮೀಟರು ಎಂದೇ ಅರ್ಥ. ಬೋಲ್ಟಿನ ನಾಲ್ಕು ತೂತುಗಳ ನಡುವಿನ ಅಂತರಕ್ಕೆ ಸುಲಭ ಉಪಾಯವೊಂದಿದೆ. ಕಳಚಿದ ಹಳೆಯ ಮೋಟಾರನ್ನು ಕಾಗದದ ಮೇಲೆ ಕೂರಿಸಿ, ತೂತುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆ ಕಾಗದವನ್ನೇ ಅಂಗಡಿಗೆ ಒಯ್ಯಿರಿ. ಕೆಲವು ಗ್ರೈಂಡರುಗಳಲ್ಲಿ ಮೋಟಾರು ಮಲಗಿರುತ್ತದೆ, ಕೆಲವುಗಳಲ್ಲಿ ನಿಂತಿರುತ್ತದೆ. ನಿಮ್ಮದು ಹೇಗೆಂಬುದನ್ನೂ ಹೇಳಿ.

ಐದನೆಯದು ದಿಕ್ಕು

ಹಳೆಯ ಗ್ರೈಂಡರು ಯಾವ ಕಡೆಗೆ ತಿರುಗುತ್ತಿತ್ತು? ಹಿಟ್ಟು ಎಳೆಯುವ ಪಟ್ಟಿ ಒಂದು ದಿಕ್ಕಿನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಉಲ್ಟಾ ತಿರುಗಿದರೆ ಹಿಟ್ಟು ಗುಂಡಿನ ಅಡಿಗೆ ಬಾರದೆ ಅಂಚಿನಲ್ಲೇ ಉಳಿದೀತು. ಇದಕ್ಕೆ ಮೋಟಾರು ಬದಲಾಯಿಸಬೇಕಿಲ್ಲ. ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮೋಟಾರು ದಿಕ್ಕು ಬದಲಾಯಿಸುತ್ತದೆ. ತಿಳಿದವನಿಗೆ ಇದು ಸಣ್ಣ ಕೆಲಸ. ಬೆಲ್ಟು ಹಾಕುವ ಮುನ್ನವೇ ಓಡಿಸಿ ತೋರಿಸಲು ಹೇಳಿ.

ಮನೆಯಲ್ಲಿ ಗರಗಸದ ಮೇಜಿದ್ದರೆ

ಯಜಮಾನರೋ ಮಗನೋ ಮರಗೆಲಸ ಮಾಡುವ ಮನೆಗಳಿವೆ. ಹಿತ್ತಲಿನ ಷೆಡ್ಡಿನಲ್ಲಿ ವೃತ್ತಾಕಾರದ ಅಲಗಿನ ಹಳೆಯ ಗರಗಸದ ಮೇಜು ಇರುತ್ತದೆ. ಅದರ ಮೋಟಾರು ಸುಟ್ಟರೂ ಇದೇ ಐದು ಲೆಕ್ಕ. ಆದರೆ ಅಲ್ಲಿ ತಪ್ಪಿದರೆ ಕೆಡುವುದು ಹಿಟ್ಟಲ್ಲ, ಕೈ. ಆದ್ದರಿಂದ ಮೂರು ವಿಷಯ ನೆನಪಿಡಿ.

ಗರಗಸದ ಅಲಗಿನ ಮೇಲೆ ಅದು ತಾಳುವ ಗರಿಷ್ಠ ವೇಗವನ್ನು ಅಚ್ಚೊತ್ತಿರುತ್ತಾರೆ. ಹೊಸ ಮೋಟಾರು ಮತ್ತು ಪುಲ್ಲಿಗಳ ಲೆಕ್ಕ ಅದನ್ನು ಮೀರಲೇಬಾರದು. ಎರಡನೆಯದಾಗಿ, ಮೇಜಿನ ಮುಂದೆ ನಿಂತವರ ಕಡೆಗೆ ಇರುವ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಅಲಗು ತಿರುಗಬೇಕು. ಉಲ್ಟಾ ತಿರುಗಿದರೆ ಮರ ಕತ್ತರಿಸುವುದಿಲ್ಲ, ಅಲಗು ಹಿಡಿದ ನಟ್ಟೂ ಸಡಿಲಗೊಳ್ಳಬಹುದು. ಮೂರನೆಯದಾಗಿ, ಮರದ ಹೊಟ್ಟು ಒಳಗೆ ನುಗ್ಗದಂತೆ ಪೂರ್ತಿ ಮುಚ್ಚಿದ ಮೈಯ, ಹೊರಗೆ ಫ್ಯಾನಿರುವ ಮೋಟಾರೇ ಬೇಕು. ಒಳಗೆ ಸೇರಿದ ಹೊಟ್ಟು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗ್ರೈಂಡರಿಗೂ ಮುಚ್ಚಿದ ಮೈಯದೇ ಲೇಸು. ಅಲ್ಲಿ ನೀರು ಚೆಲ್ಲುವ ಭಯ ಇದ್ದದ್ದೇ.

ಕೂರಿಸುವ ದಿನ

ಬೆಲ್ಟನ್ನೂ ಹೊಸದು ಹಾಕಿಸಿ. ಹಳೆಯದರ ಮೇಲೆ ‘ಎ 38’ ಎಂಬಂಥ ಗುರುತಿದ್ದರೆ ‘ಎ’ ಎಂಬುದು ಬೆಲ್ಟಿನ ಅಗಲದ ಜಾತಿ, 38 ಎಂಬುದು ಒಳಸುತ್ತಿನ ಉದ್ದ, ಅಂಗುಲದಲ್ಲಿ. ಹಾಕಿದ ಮೇಲೆ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಅಂಗುಲ ಬಗ್ಗಿದರೆ ಹದ. ತಂಬೂರಿಯ ತಂತಿಯಂತೆ ಬಿಗಿದರೆ ಬೇರಿಂಗಿಗೆ ಕೇಡು. ಸಡಿಲವಾದರೆ ಬೆಲ್ಟು ಜಾರುತ್ತದೆ. ಎರಡು ಪುಲ್ಲಿಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ಒಂದು ದಾರ ಎಳೆದು ಹಿಡಿದು ನೋಡಿ.

ಇನ್ನು ಅರ್ತಿಂಗು. ಒದ್ದೆ ಕೈ, ಒದ್ದೆ ನೆಲ, ಮುಂದೆ ಲೋಹದ ಯಂತ್ರ! ಇಷ್ಟಿದ್ದ ಮೇಲೆ ಅರ್ತಿಂಗಿಲ್ಲದ ಗ್ರೈಂಡರು ಯಮನ ತಂಗಿಯೇ ಸರಿ. ಮೂರು ಪಿನ್ನಿನ ಪ್ಲಗ್ಗು ಇದ್ದ ಮಾತ್ರಕ್ಕೆ ಅರ್ತಿಂಗು ಇದೆ ಎಂದಲ್ಲ. ಹಸಿರು ತಂತಿ ಮೋಟಾರಿನ ಮೈಗೂ ಗ್ರೈಂಡರಿನ ಚೌಕಟ್ಟಿಗೂ ಸೇರಿದೆಯೇ, ಗೋಡೆಯ ಪ್ಲಗ್ಗಿಗೆ ನಿಜವಾಗಿ ಅರ್ತ್ ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿ. ಮೀಟರಿನ ಬಳಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಇನ್ನೂ ಒಳ್ಳೆಯದು. ಶಾಕ್ ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕರೆಂಟು ಕಡಿಯುತ್ತದೆ. ಬೆಲ್ಟು, ಪುಲ್ಲಿಗಳ ಮೇಲಿನ ಮುಚ್ಚಳ ಮತ್ತೆ ಹಾಕದೆ ರಿಪೇರಿಯವನನ್ನು ಕಳಿಸಬೇಡಿ. ಸೆರಗು, ಜಡೆ, ಮಕ್ಕಳ ಬೆರಳು ಎಲ್ಲಕ್ಕೂ ಅದೇ ರಕ್ಷೆ.

ಮೊದಲ ಸಲ ಒಂದು ಹಿಡಿ ಅಕ್ಕಿ, ನೀರು ಹಾಕಿ ಹತ್ತು ನಿಮಿಷ ರುಬ್ಬಿ, ಆ ಹಿಟ್ಟನ್ನು ಚೆಲ್ಲಿಬಿಡಿ. ರಿಪೇರಿಯ ಎಣ್ಣೆ, ಧೂಳು ಅದರೊಂದಿಗೆ ಹೋಗುತ್ತವೆ. ಮೋಟಾರು ಬಿಸಿಯಾಗುವುದು ಸಹಜ. ಆದರೆ ಹೊಗೆಯಾಗಲಿ ಸುಟ್ಟ ವಾಸನೆಯಾಗಲಿ ಬಂದರೆ ತಕ್ಷಣ ನಿಲ್ಲಿಸಿ. ಮುಂದೆಯೂ ಮೊದಲು ಗ್ರೈಂಡರು ಓಡಲಿ, ಆಮೇಲೆ ಉದ್ದಿನಬೇಳೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸಂಜೆ ದೀಪಗಳು ಮಂಕಾಗುವಷ್ಟು ವೋಲ್ಟೇಜು ಇಳಿದಿರುವಾಗ ರುಬ್ಬುವ ಕೆಲಸ ಬೇಡ.

ಅಂಗಡಿಗೆ ಒಯ್ಯುವ ಚೀಟಿ

1. ಆರ್.ಪಿ.ಎಂ.: 1440 ಅಥವಾ 2880, ಹಳೆಯದರಂತೆ.
2. ಹೆಚ್.ಪಿ. ಅಥವಾ ಕಿಲೋವಾಟ್.
3. ಸಿಂಗಲ್ ಫೇಸ್, 230 ವೋಲ್ಟ್, 50 ಸೈಕಲ್, ಕೆಪಾಸಿಟರ್ ಸ್ಟಾರ್ಟ್.
4. ಶಾಫ್ಟಿನ ದಪ್ಪ, ಉದ್ದ, ಪಾದದಿಂದ ಎತ್ತರ. ಬೋಲ್ಟಿನ ತೂತುಗಳ ಕಾಗದ.
5. ತಿರುಗುವ ದಿಕ್ಕು: ಶಾಫ್ಟಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆಯೋ, ಉಲ್ಟಾವೋ.
6. ಪುಲ್ಲಿಯ ಹೊರ ಅಗಲ, ಬೆಲ್ಟಿನ ಸಂಖ್ಯೆ.
7. ನೇಮ್ ಪ್ಲೇಟಿನ ಫೋಟೋ.

ಸಾಧ್ಯವಾದರೆ ಹಳೆಯ ಮೋಟಾರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಲ್ಲು ಮತ್ತು ಗ್ಯಾರಂಟಿ ಕಾಗದ ಕೇಳಿ ಪಡೆಯಿರಿ. ‘ಇದೆಲ್ಲ ನಿಮಗ್ಯಾಕಮ್ಮಾ, ಯಜಮಾನ್ರನ್ನ ಕಳಿಸಿ’ ಎಂದು ಅಂಗಡಿಯವನು ನಕ್ಕರೆ ಸಂಕೋಚಪಡಬೇಡಿ. ‘ರುಬ್ಬೋಳು ನಾನು ಕಣಪ್ಪಾ’ ಎಂದು ಹೇಳಿ ಚೀಟಿಯನ್ನು ಮುಂದಿಡಿ. ಸಂಖ್ಯೆಗಳನ್ನು ಓದಿದ ಮೇಲೆ ಅವನೇ ಕುರ್ಚಿ ಎಳೆದು ಕೂರಿಸುತ್ತಾನೆ!